ನಮ್ಮತ್ತೆಗೆ ಮೀಸೆ ಬರೆದ ಮಿಲ್ ಮಾವ

ನಿಮಗೆ ಯಾವತ್ತಾದರೂ ಹೀಗಾಗಿದೆಯಾ? ಗುರುತಿಲ್ಲದ ಬೀದಿಯಲ್ಲಿ ಹೋಗುತ್ತಿರುತ್ತೀರಿ. ಯಾರದೋ ಹೊಸ ಮನೆಗೆ ದೃಷ್ಟಿ ಬೊಂಬೆ ಕಟ್ಟಿರುತ್ತಾರೆ. ಕೆಂಪು ನಾಲಿಗೆ, ದಪ್ಪ ಮೀಸೆ, ಗುಡ್ಡೆ ಕಣ್ಣು... ಸರಿಯಾಗಿ ನೋಡಿದರೆ ಅದು ನಿಮ್ಮ ಮನೆಯವರದೇ ಮುಖ.

ನನಗೆ ಆಯಿತು. ಹೋದ ವಾರ ಚನ್ನಪಟ್ಟಣದಲ್ಲಿ ನಾದಿನಿ ಮನೆಗೆ ಹೋಗುತ್ತಿದ್ದವಳು ಇನ್ನೂ ಪ್ಲಾಸ್ಟರಿಂಗ್ ಆಗದ ಒಂದು ಮನೆಯ ಮುಂದೆ ಸ್ಕೂಟರಿಗೆ ಬ್ರೇಕ್ ಹಾಕಿದೆ. ಮೇಲಿನ ಕಂಬಿಗೆ ತಂತಿಯಲ್ಲಿ ಬಿಗಿದ ಎಣ್ಣೆ ಡಬ್ಬದ ತಗಡು. ಬಣ್ಣ ಮಾಸಿದೆ, ಒಂದು ಮೂಲೆಗೆ ತುಕ್ಕು ಹಿಡಿದಿದೆ. ಆದರೆ ಎಡ ಹುಬ್ಬು ಏರಿಸಿ, ಕೆಳತುಟಿಯನ್ನು ಒಂದು ಪಕ್ಕಕ್ಕೆ ಒತ್ತಿಕೊಂಡು, ಏನೋ ಕದ್ದು ತಿಂದವರನ್ನು ನೋಡುವ ಹಾಗೆ ನೋಡುವ ಆ ನೋಟ ನಮ್ಮ ಜಿಲ್ಲೆಯಲ್ಲಿ ಒಬ್ಬರಿಗೇ ಇದ್ದಿದ್ದು. ನಮ್ಮತ್ತೆಗೆ. ಅವರು ತೀರಿಕೊಂಡು ವರ್ಷಗಳಾದವು.

ರಸ್ತೆಯಲ್ಲಿ ನಿಂತವಳ ಮೂಗಿಗೆ ಬಿಸಿ ರಾಗಿಹಿಟ್ಟಿನ ವಾಸನೆ ಬಂದ ಹಾಗಾಯಿತು. ಯಾಕೆಂದರೆ ಆ ತಗಡಿನ ಮೇಲೆ ಬರೆದದ್ದು ನಮ್ಮ ಮಿಲ್ ಮಾವ.

ಹೊಂಗನೂರು ದಾಟಿ ಒಳಗೆ ಹೋದರೆ ನಮ್ಮೂರು. ನಾನು ಮದುವೆಯಾಗಿ ಬಂದ ಮನೆಯ ಎದುರಿಗೇ ರಾಗಿ ಮಿಲ್ಲು. ಅದನ್ನು ನಡೆಸುತ್ತಿದ್ದ ಒಂಟಿ ಮನುಷ್ಯನಿಗೆ ಊರವರೆಲ್ಲ ಮಿಲ್ ಮಾವ ಅನ್ನುತ್ತಿದ್ದರು. ರೆಪ್ಪೆಯ ಮೇಲೂ ಹಿಟ್ಟು. ಮಿಲ್ಲಿನವರ ಮೇಲೆ ಅನುಮಾನ ಪಡದ ಹೆಂಗಸು ನಮ್ಮ ಕಡೆ ಹುಟ್ಟಿಲ್ಲ ಬಿಡಿ. ಕೊಟ್ಟ ರಾಗಿ ಎಷ್ಟು, ಬಂದ ಹಿಟ್ಟು ಎಷ್ಟು ಅಂತ ಎಲ್ಲರೂ ಚೀಲ ಎತ್ತಿ ಎತ್ತಿ ನೋಡುವವರೇ. ನನ್ನ ಅನುಮಾನ ಬೇರೆ ಥರದ್ದು. ಈ ಮನುಷ್ಯ ದಿಟ್ಟಿಸಿ ನೋಡುತ್ತಿದ್ದರು. ಬೆಂಚಿನ ಮೇಲೆ ಕಾಯುತ್ತಾ ಕೂತವರ ಮೂಗು, ಗಲ್ಲ, ಕೈಬೆರಳು... ನೋಡುವುದು, ಪಕ್ಕದ ಹಲಗೆಯ ಮೇಲೆ ಬೆರಳಾಡಿಸುವುದು, ಯಾರಾದರೂ ಹತ್ತಿರ ಹೋದರೆ ಅಂಗೈಯಿಂದ ಸರಕ್ಕನೆ ಒರೆಸಿಬಿಡುವುದು.

ಹೊಸ ಸೊಸೆ ನಾನು, ಮೈಯೆಲ್ಲ ಕಣ್ಣು. ಒಂದು ದಿನ ಮಿಷನ್ನಿನ ಸದ್ದಿನಲ್ಲಿ ಹಿಂದಿನಿಂದ ಹೋಗಿ ನಿಂತೆ. ಹಲಗೆಯ ಮೇಲೆ ತೆಳ್ಳಗೆ ಕೂತ ಹಿಟ್ಟಿನಲ್ಲಿ ಒಂದು ಹೆಂಗಸು. ಮೂಗು ಮಾತ್ರ ಥೇಟ್ ಆಲೂಗಡ್ಡೆ. ಮಾವ ತಿರುಗಿ ನೋಡಿ, ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ ನಕ್ಕು, “ಮೂಗು ಕೂರ್ತಾನೇ ಇಲ್ಲ ಕಣವ್ವ” ಅಂದರು.

ಆಗ ಗೊತ್ತಾಯಿತು. ಈ ಮಾವನಿಗೆ ವ್ಯಂಗ್ಯಚಿತ್ರದ ಹುಚ್ಚು. ಪೇಪರಿನಲ್ಲಿ ಬಂದ ಚಿತ್ರಗಳನ್ನೆಲ್ಲ ಕತ್ತರಿಸಿ ಗೋಡೆಗೆ ಅಂಟಿಸಿದ್ದರು. ಹೇಳಿಕೊಡಲು ಯಾರೂ ಇಲ್ಲ. ಒಂದಷ್ಟು ತಿಂಗಳು ಬರೀ ಮೂಗು ಬರೆದರಂತೆ, ಆಮೇಲೆ ಒಂದಷ್ಟು ತಿಂಗಳು ಬರೀ ಕೈ. ಸುಮಾರಾಗಿ ಬಂತು ಅನ್ನಿಸಿದ್ದನ್ನು ಬಿಳಿ ಹಾಳೆಗೆ ಇಳಿಸಿ ಪತ್ರಿಕೆಗೆ ಕಳಿಸುವುದು. ಅದು ಅಚ್ಚಾಗುವುದಿಲ್ಲ. ಮತ್ತೆ ಹಲಗೆ, ಮತ್ತೆ ಹಿಟ್ಟು. ತನ್ನದೊಂದು ಚಿತ್ರ ಪೇಪರಿನಲ್ಲಿ ನೋಡಬೇಕು, ಅಷ್ಟೇ ಆಸೆ.

ಮನೆಗೆ ಬಂದು ಅತ್ತೆಗೆ ಹೇಳಿದರೆ ಅವರ ಎಡ ಹುಬ್ಬು ಏರಿತು. “ಚಿತ್ರ ಬರೆಯೋನು ಬರ್ದಿದ್ನ ಯಾಕೆ ಒರಸ್ತಾನೆ? ಬಚ್ಚಿಡೋ ಅಂತದ್ದು ಏನೈತೆ ಅದ್ರಾಗೆ?” ಸುಳ್ಳು ಯಾಕೆ ಹೇಳಲಿ, ಪ್ರಶ್ನೆ ನನಗೂ ಸರಿ ಅನ್ನಿಸಿತ್ತು.

ರೇಷ್ಮೆ ಸಾಕುವವರಿಗೆ ಗೊತ್ತು, ಹುಳದ ಮನೆಗೆ ಹೊರಗಿನವರನ್ನು ಬಿಡುವುದಿಲ್ಲ. ರೋಗ ಬರುತ್ತದೆ ಅನ್ನುವುದು ಒಂದು, ಕಣ್ಣು ಬೀಳುತ್ತದೆ ಅನ್ನುವುದು ಇನ್ನೊಂದು. ಆ ಬೇಸಿಗೆ ನಮ್ಮ ಹುಳ ದಪ್ಪಗಾಗಿ ಸೊಪ್ಪು ಮೇಯುತ್ತಿದ್ದಾಗ ಮಿಲ್ ಮಾವ ಬಾಗಿಲಲ್ಲಿ ಬಂದು ನಿಂತರು. ಪಂಚೆ ಬಿಳಿ ಅಂಗಿಯ ದೊಡ್ಡ ಮನುಷ್ಯರು ಹುಳಗಳಾಗಿ ಸಾಲಾಗಿ ಕೂತು ಊರನ್ನೇ ಮೇಯುವ ಚಿತ್ರ ಅವರ ತಲೆಯಲ್ಲಿತ್ತಂತೆ. ಒಳಗೆ ಕಾಲಿಡಲಿಲ್ಲ. ಹೊಸ್ತಿಲಾಚೆಯಿಂದಲೇ ನೋಡಿದರು... ಬಹಳ ಹೊತ್ತು ನೋಡಿದರು. ಅದಾಗಿ ಕೆಲವೇ ದಿನಕ್ಕೆ ಹುಳ ಊದಿಕೊಂಡು, ಮುಟ್ಟಿದರೆ ಒಡೆದು ಹಾಲಿನಂಥ ನೀರು ಸುರಿಸತೊಡಗಿದವು. ಇಡೀ ಬೆಳೆ ತಿಪ್ಪೆಗೆ ಹೋಯಿತು. ಇಲಾಖೆಯವರು ಬಂದು ಸೆಕೆ ಜಾಸ್ತಿಯಾಗಿದೆ, ಮನೆ ತೊಳೆದದ್ದು ಸಾಲದು ಅಂದರು. ಅತ್ತೆ ಆ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

ನೇರ ಮಿಲ್ಲಿಗೆ ಹೋದರು. ಬೆಂಚು ತುಂಬ ಜನ. ಅತ್ತೆ ಕೂಗಾಡಲಿಲ್ಲ, ಅದೇ ಭಯ. “ನೋಡಪ್ಪ, ಇನ್ಮೇಲೆ ನಮ್ಮನೇನೂ ನೋಡ್ಬ್ಯಾಡ, ನಮ್ಮನೆಯೋರ ಮುಖಾನೂ ನೋಡ್ಬ್ಯಾಡ. ನಿನ್ ಕಣ್ಣು ಒಳ್ಳೇದಲ್ಲ.”

ಮಾವ ಮಿಷನ್ ಆಫ್ ಮಾಡಿದರು. ಅಷ್ಟೇ.

ಮಾತು ಊರೆಲ್ಲ ಓಡಾಡಿತು. ಬಾಣಂತಿಯರು ಮಿಲ್ಲಿನ ಮುಂದೆ ಹೋಗುವಾಗ ಮಗುವಿಗೆ ಸೆರಗು ಮುಚ್ಚತೊಡಗಿದರು. ಕೆಲವರು ರಾಗಿ ಹೊತ್ತುಕೊಂಡು ಪಕ್ಕದೂರಿಗೇ ಹೋದರು. ಮಿಲ್ಲು ಇವತ್ತು ಮುಚ್ಚುತ್ತದೆ, ನಾಳೆ ಮುಚ್ಚುತ್ತದೆ ಅಂದುಕೊಂಡೆವು. ಮಾವ ಮುಚ್ಚಲಿಲ್ಲ, ಬರೆಯುವುದನ್ನೂ ಬಿಡಲಿಲ್ಲ. ನೋಡುವುದೊಂದನ್ನು ಬಿಟ್ಟರು. ತಲೆ ತಗ್ಗಿಸಿ ಚೀಲ ತಗೊಳ್ಳುವುದು, ತಲೆ ತಗ್ಗಿಸಿ ಹಿಟ್ಟು ಕೊಡುವುದು.

ವಿಚಿತ್ರ ಏನು ಗೊತ್ತಾ? ಚಿತ್ರ ಕೈಗೆ ಬರತೊಡಗಿದ್ದೇ ಆಮೇಲೆ. ಮೊದಲು ಹತ್ತು ಸಲ ನೋಡಿ ಬರೆದರೂ ಆಲೂಗಡ್ಡೆ ಆಗುತ್ತಿದ್ದ ಮೂಗು, ಚೀಲ ಕೈ ಬದಲಾಗುವಾಗ ಕದ್ದು ನೋಡಿದ ಒಂದೇ ನೋಟಕ್ಕೆ ಬಂದು ಕೂರುತ್ತಿತ್ತು. ಇಡೀ ಮುಖ ಹೊತ್ತುಕೊಳ್ಳುವಷ್ಟು ಪುರುಸೊತ್ತಿಲ್ಲವಲ್ಲ, ಬೇಕಾದ್ದೊಂದನ್ನು ಹಿಡಿದುಕೊಂಡು ಹೋಗುತ್ತಿದ್ದರು ಅಂತ ಕಾಣುತ್ತದೆ. ಹಲಗೆಯ ಮೇಲೆ ನಮ್ಮೆಜಮಾನರನ್ನು ಎರಡು ಗೆರೆಯಲ್ಲಿ ನೋಡಿ ನನಗೆ ಮೈ ಜುಂ ಅಂದಿತ್ತು.

ಆ ಹೊತ್ತಿಗೆ ಊರಲ್ಲೊಬ್ಬರು ಮನೆ ಕಟ್ಟಿಸುತ್ತಿದ್ದರು. ದೃಷ್ಟಿ ಬೊಂಬೆ ಬರೆಯುವವನು ಸಿಗಲಿಲ್ಲ. ಮಿಲ್ಲಿನಲ್ಲಿ ಕೂತಿದ್ದ ಒಬ್ಬ ಗಂಡಸು ಹಂಗಿಸಿದ: “ನಿನ್ ಕಣ್ಗಿಂತ ಕೆಟ್ಟ ಕಣ್ಣು ಎಲ್ಲೈತೆ ಮಾವ? ನೀನೇ ಒಂದು ಬರ್ಕೊಟ್ಬುಡು.” ಎಲ್ಲರೂ ನಕ್ಕರು. ಮಾವ ನಿಜವಾಗಿಯೂ ಎಣ್ಣೆ ಡಬ್ಬ ಕತ್ತರಿಸಿ ಬರೆದುಕೊಟ್ಟರು. ಆ ರಾಕ್ಷಸ ಎಷ್ಟು ಜೀವಂತವಾಗಿತ್ತು ಅಂದರೆ ನಾಯಿ ನೋಡಿ ಬೊಗಳಿತು. ಅಲ್ಲಿಂದ ಶುರುವಾಯಿತು ನೋಡಿ. ಕನಕಪುರ ರೋಡಿನಿಂದ ಬಂದರು, ಮಾಗಡಿ ಕಡೆಯಿಂದ ಬಂದರು. ಯಾರ ಕಣ್ಣು ಕೆಟ್ಟದ್ದು ಅಂತ ಸೆರಗು ಮುಚ್ಚಿದರೋ, ಅವರ ಕೈಯ ಚಿತ್ರ ಮನೆ ಮನೆಯ ಮೇಲೆ ನೇತಾಡತೊಡಗಿತು.

ನಾನು ಸುಮ್ಮನಿರುವವಳಲ್ಲ. ಒಂದೊಂದೇ ರಾಕ್ಷಸನನ್ನು ನೋಡುತ್ತಾ ಹೋದೆ. ಈ ಹಲ್ಲು ಹಾಲಿನ ಡೇರಿಯವರದ್ದಲ್ಲವಾ? ಈ ಕಿವಿ ಮಿಲ್ಲಿನಲ್ಲಿ ಹಂಗಿಸಿದವನದ್ದಲ್ಲವಾ? ನನಗೊಬ್ಬಳಿಗೇ ಅಲ್ಲ, ಎಲ್ಲರಿಗೂ ಕಾಣುತ್ತಿತ್ತು. ಆದರೆ ಪ್ರತಿಯೊಬ್ಬರಿಗೂ ಪಕ್ಕದ ಮನೆಯವರ ಮುಖವೇ ಕಾಣುತ್ತಿತ್ತು, ತಮ್ಮದು ಕಾಣುತ್ತಿರಲಿಲ್ಲ. ಕಂಡವರೂ ಬಾಯಿ ಬಿಡಲಿಲ್ಲ. ಆ ರಾಕ್ಷಸ ನಾನೇ ಅಂತ ಯಾರು ಹೋಗಿ ಜಗಳ ಮಾಡುತ್ತಾರೆ ಹೇಳಿ?

ಮಿಲ್ಲಿನ ಮೂಲೆಯಲ್ಲಿ ಒಣಗಲು ಇಟ್ಟಿದ್ದ ಒಂದು ತಗಡಿನಲ್ಲಿ ಅತ್ತೆ ಸಿಕ್ಕಿದರು. ಮೀಸೆ ಇತ್ತು, ಕೋರೆಹಲ್ಲಿತ್ತು, ಆದರೆ ಆ ಹುಬ್ಬು... ಮೆಲ್ಲಗೆ ಕೇಳಿದೆ, ಮಾವ, ಇದು ನಮ್ಮತ್ತೆ ತಾನೆ?

ಅವರು ತಲೆ ಎತ್ತಲಿಲ್ಲ. “ನಾನೆಲ್ಲವ್ವ ನೋಡ್ದೆ? ನೋಡ್ಬ್ಯಾಡ ಅಂದವ್ರಲ್ಲ ನಿಮ್ಮತ್ತೆ.”

ಮುಯ್ಯಿ ತೀರಿಸಿಕೊಂಡರಾ, ಇಲ್ಲ ಅಷ್ಟು ಚೆನ್ನಾಗಿ ಬಂದ ಮುಖವನ್ನು ಬಿಡಲು ಮನಸ್ಸಾಗಲಿಲ್ಲವಾ? ಇವತ್ತಿಗೂ ನನಗೆ ಗೊತ್ತಿಲ್ಲ. ನಾವು ಮಹಡಿ ಕಟ್ಟಿಸಿದಾಗ ಅತ್ತೆಯೇ ಮಿಲ್ಲಿಗೆ ಹೋಗಿ, ಇದ್ದ ತಗಡುಗಳನ್ನೆಲ್ಲ ತಿರುವಿ ಹಾಕಿ, ಅದೇ ತಗಡನ್ನು ಎತ್ತಿಕೊಂಡರು. ಸುಮಾರು ಹೊತ್ತು ದಿಟ್ಟಿಸಿ, “ಇದ ಕೊಡು, ಇದು ಒಸಿ ಲಕ್ಷಣವಾಗೈತೆ” ಅಂದರು. ಅದನ್ನು ಮಿಲ್ಲಿಗೆ ಎದುರಾಗಿಯೇ ಕಟ್ಟಿಸಿದರು. ಗೊತ್ತಾಗಿ ಮಾಡಿದರಾ, ಗೊತ್ತಾಗದೆಯಾ? ಆ ಹುಬ್ಬಿನ ಹಿಂದೆ ಏನಿದೆ ಅಂತ ತಿಳಿದವರೇ ಇಲ್ಲ.

ಮಾವನ ಒಂದು ಚಿತ್ರವೂ ಪೇಪರಿನಲ್ಲಿ ಬರಲಿಲ್ಲ. ತೀರಿಹೋಗುವ ತನಕ ಕಳಿಸುತ್ತಲೇ ಇದ್ದರು. ಅವರು ಹೋದ ಮೇಲೆ ಮಿಲ್ಲಿನ ಬಾಗಿಲು ತೆಗೆದವರಿಲ್ಲ. ಈಗ ನಾವೂ ಪ್ಯಾಕೆಟ್ ಹಿಟ್ಟು. ಅತ್ತೆ ತೀರಿಕೊಂಡ ಮೇಲೆ ಮನೆಗೆ ಪೇಂಟ್ ಮಾಡಿಸುವಾಗ ಯಾರೋ ಆ ತಗಡನ್ನು ಗುಜರಿಗೆ ಹಾಕಿಬಿಟ್ಟಿದ್ದರು. ಮನೆಯಲ್ಲಿರುವ ಫೋಟೋಗಳಲ್ಲೆಲ್ಲ ಅತ್ತೆ ಉಸಿರು ಕಟ್ಟಿ ನಿಂತಿದ್ದಾರೆ. ಆ ನೋಟ ಒಂದರಲ್ಲೂ ಇಲ್ಲ.

ಚನ್ನಪಟ್ಟಣದಲ್ಲಿ ಕಂಡದ್ದು ಗುಜರಿಯಿಂದ ಬಂದ ಅದೇ ತಗಡೋ, ಮಾವ ಬರೆದ ಇನ್ನೊಂದೋ ಗೊತ್ತಿಲ್ಲ. ಅದಕ್ಕೇ ಆ ಮನೆಯ ಯಜಮಾನರನ್ನು ಕೇಳಿದೆ, ಹೊಸದೊಂದು ತಂದುಕೊಡುತ್ತೇನೆ, ಇದನ್ನು ನನಗೆ ಕೊಡಿ ಅಂತ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ನಮ್ಮನೆ ದೃಷ್ಟಿ ಬೊಂಬೆ ನಿಮಗ್ಯಾಕಮ್ಮ? ಫೋಟೋ ಗೀಟೋ ಹೊಡೀಬ್ಯಾಡಿ, ಸುಮ್ನೆ ಹೋಗಿ.” ಅವರ ಜಾಗದಲ್ಲಿ ನಾನಿದ್ದರೂ ಕೊಡುತ್ತಿರಲಿಲ್ಲ. ಮೊಬೈಲ್ ಬ್ಯಾಗಿನಲ್ಲಿಟ್ಟೆ. ಹೊರಡುವಾಗ ಒಂದೇ ಸಲ ಸರಿಯಾಗಿ ನೋಡಿದೆ.

ಮನೆಗೆ ಬಂದು ತಟ್ಟೆಯಲ್ಲಿ ಹಿಟ್ಟು ಹರಡಿ ಬೆರಳಾಡಿಸಿದೆ. ಆಲೂಗಡ್ಡೆ. ಯಾರಾದರೂ ಬಂದಾರು ಅಂತ ಒರೆಸಿಬಿಟ್ಟೆ.

ನಿಮ್ಮ ಮನೆಯ ಮೇಲೆ ಹಳೇ ಎಣ್ಣೆ ಡಬ್ಬದ ತಗಡಿನ ರಾಕ್ಷಸ ಇದ್ದರೆ ಒಂದು ಸಲ ಹೊರಗೆ ಬಂದು ನೋಡಿ. ಯಾರ ಮುಖ, ಎಲ್ಲಿಂದ ಬಂತು, ಕೆಳಗೆ ಬರೆಯಿರಿ. ಮೀಸೆ ಹೊತ್ತ, ಅಗಲ ಹಣೆಯ, ಮುಂದಿನ ಹಲ್ಲಿನಲ್ಲಿ ಸಂದಿ ಇರುವ ಒಂದು ಮುಖ ಕನಕಪುರದ ಕಡೆಯೋ ಮಾಗಡಿ ಕಡೆಯೋ ಕಂಡರೆ ಖಂಡಿತ ತಿಳಿಸಿ. ಮಾವ ನನ್ನನ್ನು ಸುಮ್ಮನೆ ಬಿಟ್ಟಿರುತ್ತಾರೆ ಅಂತ ನನಗಂತೂ ನಂಬಿಕೆ ಇಲ್ಲ.