ತಲೆ ಜೋಪಾನ

ನಮ್ಮ ದೊಡ್ಡಪ್ಪ ಇಪ್ಪತ್ತೊಂಬತ್ತು ವರ್ಷ ಎರಡೇ ಎರಡು ಪದ ಹೇಳಿ ಸಂಸಾರ ಸಾಗಿಸಿದವರು. ಆ ಎರಡು ಪದ "ತಲೆ ಜೋಪಾನ!" ಹಳೆಯ ಅರಮನೆಯ ದರ್ಬಾರಿನ ಕೋಣೆಗೆ ಹೋಗುವ ಬಾಗಿಲು ತೀರಾ ಗಿಡ್ಡ, ಐದಡಿಗೂ ಕಮ್ಮಿ. ನೋಡಲು ಬಂದವರು ಕತ್ತೆತ್ತಿ ಮೇಲಿನ ಕೆತ್ತನೆ ನೋಡುತ್ತಾ ಬಂದು ಹಣೆ ಚಚ್ಚಿಕೊಳ್ಳುತ್ತಿದ್ದರು. ಹಾಗಾಗಬಾರದೆಂದು ಇಲಾಖೆ ಅಲ್ಲೊಬ್ಬ ಮನುಷ್ಯನನ್ನು ಕೂರಿಸಿತು. ಆ ಮನುಷ್ಯ ನಮ್ಮ ದೊಡ್ಡಪ್ಪ. ಅಂಗಳದ ಈಚೆ ಟಿಕೆಟ್ ಕಿಂಡಿಯಲ್ಲಿ ಕೂರುವವಳು ನಾನು, ಅವರ ತಮ್ಮನ ಮಗಳು. ದಿನವಿಡೀ ಅವರ ಕೂಗು ನನ್ನ ಕಿವಿಗೆ ಬೀಳುತ್ತಿತ್ತು. ಕೂಗಿಲ್ಲದೆ ಬರೀ "ಅಯ್ಯಮ್ಮಾ!" ಎಂದು ಕೇಳಿಸಿದರೆ, ಇವರು ಊಟದ ಡಬ್ಬಿ ಬಿಚ್ಚಿದ್ದಾರೆ ಎಂದು ಅರ್ಥ.

ಕೆಲಸ ಮೈಗೆ ಹತ್ತಿಬಿಟ್ಟಿತ್ತು. ಯಾವ ಬಾಗಿಲು ಕಂಡರೂ ದೊಡ್ಡಪ್ಪ ತಲೆ ತಗ್ಗಿಸುತ್ತಿದ್ದರು. ಬಸ್ಸು ಹತ್ತುವಾಗ ತಗ್ಗಿಸುತ್ತಿದ್ದರು, ಮನೆಯ ಬಚ್ಚಲಿಗೆ ಹೋಗುವಾಗ ತಗ್ಗಿಸುತ್ತಿದ್ದರು, ಒಮ್ಮೆ ಬಯಲಿನಲ್ಲಿ ನಿಲ್ಲಿಸಿದ್ದ ಪೆಂಡಾಲಿನ ಕಮಾನಿನ ಕೆಳಗೂ ತಗ್ಗಿಸಿದರು. ಅದರ ಕೆಳಗೆ ಲಾರಿ ಹೋಗುವಷ್ಟು ಜಾಗವಿತ್ತು. "ಮದುವೆಯಾದಾಗ ನೆಟ್ಟಗಿದ್ರು, ಈಗ ನೋಡು" ಎಂದು ದೊಡ್ಡಮ್ಮ ಬಂದವರಿಗೆಲ್ಲ ಹೇಳುತ್ತಿದ್ದರು.

ಈ ದೊಡ್ಡಮ್ಮ ಮಾತ್ರ ಆ ಬಾಗಿಲು ದಾಟಿದವರಲ್ಲ. ಕೆಲಸ ಸಿಕ್ಕ ಮೊದಲ ತಿಂಗಳು ದೊಡ್ಡಪ್ಪ ಹೊಸ ಹೆಂಡತಿಯನ್ನು ಜಂಬದಿಂದ ಕರೆದುಕೊಂಡು ಹೋಗಿ, ಹತ್ತು ಜನರ ಎದುರಿಗೆ "ತಲೆ ಬಗ್ಗಿಸು ಕಣೇ" ಎಂದರಂತೆ. "ಸತ್ತು ಐನೂರು ವರ್ಷ ಆದ ರಾಜನಿಗೆ ನಾನ್ಯಾಕೆ ಬಗ್ಗಿಸ್ಲಿ? ಬದುಕಿರೋ ಗಂಡನಿಗೇ ಬಗ್ಗಿಸಿಲ್ಲ" ಎಂದು ಹೇಳಿ ದೊಡ್ಡಮ್ಮ ಅಲ್ಲಿಂದಲೇ ಹಿಂದಿರುಗಿದರು. ಆಮೇಲೆ ಆ ಕಡೆ ತಿರುಗಿಯೂ ನೋಡಲಿಲ್ಲ.

ತಪ್ಪು ದೊಡ್ಡಪ್ಪನದೇ. ಬಾಗಿಲು ಗಿಡ್ಡ ಯಾಕೆ ಎಂದು ಎಲ್ಲರೂ ಕೇಳುತ್ತಾರೆ. "ರಾಜನಿಗೆ ಗರ್ವ ಜಾಸ್ತಿ, ಬಂದವರೆಲ್ಲ ಬಗ್ಗಲಿ ಅಂತ ಹಿಂಗೆ ಕಟ್ಟಿಸಿದ" ಎಂದು ಅವರಿಗಿಂತ ಮುಂಚೆ ಅಲ್ಲಿ ಕೂತಿದ್ದವನು ಹೇಳಿಕೊಟ್ಟಿದ್ದ. ಒಂದೇ ವಾಕ್ಯ. ದೊಡ್ಡಪ್ಪ ಅದಕ್ಕೆ ಊಟ ಉಪಚಾರ ಮಾಡಿ ಬೆಳೆಸಿದರು. ಐದನೆಯ ವರ್ಷಕ್ಕೆ ಪಕ್ಕದ ರಾಜ್ಯದಿಂದ ಒಬ್ಬ ರಾಜ ಬಂದು ಬಗ್ಗಿದ. ಹತ್ತನೆಯ ವರ್ಷಕ್ಕೆ ಮೂವರಾದರು. ನಾನು ಕಿಂಡಿಗೆ ಸೇರುವಷ್ಟರಲ್ಲಿ ಏಳು ರಾಜರು ಸಾಲಾಗಿ ಬಗ್ಗುತ್ತಿದ್ದರು. ಏಳನೆಯವನು ಬಗ್ಗಲೊಲ್ಲೆ ಎಂದು ಹಣೆ ಚಚ್ಚಿಕೊಂಡ; ಅವನ ಕಿರೀಟ ಉರುಳುತ್ತಾ ಉರುಳುತ್ತಾ ಅಡುಗೆಮನೆ ಸೇರಿತು; ಅಡುಗೆಯವಳು ಅದು ಏನೆಂದು ತಿಳಿಯದೆ ಎಂಟು ದಿನ ಅದರಲ್ಲೇ ಹಿಟ್ಟು ಅಳೆದಳು.

"ಅವನು ಯಾವ ರಾಜ?" ಎಂದು ಯಾರಾದರೂ ಕೇಳಿದರೆ, "ಎತ್ತರದ ರಾಜ" ಎನ್ನುತ್ತಿದ್ದರು.

ರೈಲು ಬಿಡುವುದರಲ್ಲಿ ನಮ್ಮ ದೊಡ್ಡಪ್ಪನದು ಎತ್ತಿದ ಕೈ. ಬಾಗಿಲಿನ ಎರಡೂ ಬದಿಗೆ ಕಲ್ಲಿನ ಕಾವಲುಗಾರರಿದ್ದರು. ಮೀಸೆ, ಎದೆ, ಕೈಯಲ್ಲಿ ಈಟಿ ಎಲ್ಲ ಸರಿಯಾಗಿತ್ತು. ಸೊಂಟದ ಕೆಳಗೆ ಮಾತ್ರ ಏನೂ ಇಲ್ಲ, ನೆಲ ಬಂದುಬಿಡುತ್ತಿತ್ತು. ಅದಕ್ಕೂ ಅವರ ಹತ್ತಿರ ಕಾರಣವಿತ್ತು. "ನಿಜವಾದ ಕಾವಲುಗಾರರು ಎದ್ದೆದ್ದು ಊಟಕ್ಕೆ ಹೋಗ್ತಿದ್ರು. ರಾಜನಿಗೆ ಸಿಟ್ಟು ನೆತ್ತಿಗೇರ್ತು. ಕಲ್ಲಲ್ಲಿ ಕೆತ್ತು, ಆದ್ರೆ ಕಾಲು ಕೊಡಬೇಡ, ಆಗ ಎಲ್ಲಿಗೆ ಹೋಗ್ತಾರೆ ನೋಡೋಣ ಅಂತ ಶಿಲ್ಪಿಗೆ ಹೇಳಿದ." ಮಕ್ಕಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದವು. ಬಾಗಿಲ ಪಕ್ಕದ ಗೋಡೆಯಲ್ಲಿ ಒಂದು ಗೂಡಿತ್ತು. ಅದನ್ನು ರಾಜನ ದೀಪದ ಗೂಡು ಎಂದು ತೋರಿಸುತ್ತಿದ್ದರು. ಅದರಲ್ಲಿ ಇರುತ್ತಿದ್ದದ್ದು ಅವರ ಊಟದ ಡಬ್ಬಿ.

ಹೀಗೆ ನಡೆದುಕೊಂಡು ಹೋಗುತ್ತಿದ್ದಾಗ ಅಳತೆ ಮೇಡಂ ಬಂದರು. ಹಳೆಯ ಕಟ್ಟಡಗಳನ್ನು ಓದಿಕೊಂಡವರು. ಕೊರಳಿಗೆ ಕನ್ನಡಕ, ಸೊಂಟಕ್ಕೆ ಟೇಪು, ಕೈಯಲ್ಲಿ ಉಕ್ಕಿನ ಅಡಿಪಟ್ಟಿ. ಅರಮನೆಯ ಇಂಚಿಂಚನ್ನೂ ಅಳೆದು ವರದಿ ಕೊಡಬೇಕೆಂದು ಇಲಾಖೆ ಕಳಿಸಿತ್ತು. ಮಾತು ಕಡಿಮೆ. ದೊಡ್ಡಪ್ಪನಿಗೆ ಹೊಸ ಕಿವಿ ಸಿಕ್ಕಿದ ಸಂಭ್ರಮ. ಏಳು ರಾಜರನ್ನೂ ಬಗ್ಗಿಸಿ, ಕಿರೀಟ ಉರುಳಿಸಿ, ಕೊನೆಗೆ ಕಾಲಿಲ್ಲದ ಕಾವಲುಗಾರರ ಹತ್ತಿರ ಬಂದರು.

ಮೇಡಂ ನಗಲಿಲ್ಲ. ಕುಕ್ಕರಗಾಲಿನಲ್ಲಿ ಕೂತು, ಕಾವಲುಗಾರನ ಸೊಂಟಕ್ಕೂ ನೆಲದ ಚಪ್ಪಡಿಗೂ ನಡುವಿನ ಸಂದಿಗೆ ಅಡಿಪಟ್ಟಿ ಇಳಿಬಿಟ್ಟರು. ಅದು ಪೂರ್ತಿ ಒಳಗೆ ಹೋಯಿತು.

"ಯಜಮಾನ್ರೇ, ಇವರಿಗೆ ಕಾಲಿದೆ" ಎಂದರು. "ನೆಲದ ಕೆಳಗಿದೆ."

ಆಮೇಲೆ ಬಿಡಿಸಿ ಹೇಳಿದರು. ಯಾವುದೋ ಕಾಲದಲ್ಲಿ ಚಾವಣಿಗೆ ಬೆಂಕಿ ಬಿದ್ದಿದೆ. ಸುಟ್ಟ ತೊಲೆ, ಹೆಂಚು, ಒಡೆದ ಕಲ್ಲು ಎಲ್ಲ ಒಳಗೇ ಕುಸಿದಿದೆ. ಆಮೇಲೆ ಬಂದವರು ಅದನ್ನು ಹೊರಗೆ ಹಾಕುವ ಗೋಜಿಗೆ ಹೋಗದೆ, ಮಟ್ಟ ಮಾಡಿ ಮೇಲೆ ಚಪ್ಪಡಿ ಹಾಸಿಬಿಟ್ಟಿದ್ದಾರೆ. "ಬಾಗಿಲು ಗಿಡ್ಡ ಅಲ್ಲ, ಎಂಟಡಿ ಇದೆ. ನೆಲ ಮೇಲೆ ಬಂದಿದೆ ಅಷ್ಟೇ. ಇದು ಗರ್ವ ಅಲ್ಲ ಯಜಮಾನ್ರೇ, ಸೋಮಾರಿತನ."

ಸಂಜೆ ದೊಡ್ಡಪ್ಪ ಮನೆಗೆ ಬಂದು ಕಾಫಿಯನ್ನೂ ಮುಟ್ಟದೆ ಕೂತರು. ವಿಷಯ ನಾನೇ ಹೇಳಬೇಕಾಯಿತು. "ಹಾಗಾದ್ರೆ ಇಷ್ಟು ವರ್ಷ ಊರವರನ್ನೆಲ್ಲ ಕಸಕ್ಕೆ ಬಗ್ಗಿಸಿದ್ರಾ?" ಎಂದು ದೊಡ್ಡಮ್ಮ ನಗಲು ಶುರುಮಾಡಿ, ಗಂಡನ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದರು. ದೊಡ್ಡಮ್ಮ ನಗು ನುಂಗಿದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ಭಯವಾಯಿತು.

ಭಯಪಡುವಂಥದ್ದೇ ಆಯಿತು. ಕಸ ತೆಗೆಸಿ ನೆಲವನ್ನು ಮೊದಲಿನ ಮಟ್ಟಕ್ಕೆ ಇಳಿಸಬೇಕೆಂದು ಮೇಲಿನಿಂದ ಅಪ್ಪಣೆ ಬಂತು. ಬಾಗಿಲು ಎಂಟಡಿ ಆದಮೇಲೆ ಯಾರ ತಲೆಯೂ ತಾಕುವುದಿಲ್ಲ; ತಲೆ ತಾಕದಿದ್ದ ಮೇಲೆ ತಲೆ ಜೋಪಾನ ಎನ್ನುವವನು ಯಾಕೆ? ಹೀಗೆ ಲೆಕ್ಕ ಹಾಕಿದವರು ನಮ್ಮ ಮೇಲಧಿಕಾರಿ, ಮೂರು ಸಹಿ ಸಾಹೇಬರು. ಅರಮನೆಯಲ್ಲಿ ಒಂದು ಹರಳು ಕದಲಿಸಬೇಕಾದರೂ ಅವರಿಗೆ ಮೂರು ಸಹಿ ಬೇಕು. ನನ್ನ ಕಿಂಡಿಯ ಮುರಿದ ಚಿಲಕ "ಮೂಲ ಭಾಗ"ವಿರಬಹುದೆಂದು ಹನ್ನೊಂದು ತಿಂಗಳು ಬದಲಿಸಲು ಬಿಡಲಿಲ್ಲ. ಅದು ನನಗಿಂತ ಹಿಂದೆ ಇದ್ದವಳು ಹಾರ್ಡ್‌ವೇರ್ ಅಂಗಡಿಯಿಂದ ತಂದು ಹಾಕಿದ್ದ ಚಿಲಕ. ಅಂಥ ಸಾಹೇಬರು ದೊಡ್ಡಪ್ಪನನ್ನು ಕದಲಿಸಲು ಒಂದೇ ಸಹಿ ಸಾಕೆಂದುಕೊಂಡರು. ಕೆಲಸ ಮುಗಿದ ದಿನವೇ ಊರಿನ ಆ ತುದಿಯ ಕಾಗದಪತ್ರದ ಕೋಣೆಗೆ ವರ್ಗ. ನಿವೃತ್ತಿಗೆ ಇನ್ನೂ ಮೂರು ವರ್ಷವಿತ್ತು.

ಆ ಕೋಣೆಯನ್ನು ನಾನು ನೋಡಿದ್ದೇನೆ. ಒಂದು ಕಿಟಕಿ, ನಲವತ್ತು ಬೀರು, ನರಪಿಳ್ಳೆಯಿಲ್ಲ.

"ಅಲ್ಲಿ ಯಾರಿಗೆ ಹೇಳ್ಲಿ?" ಎಂದರು ದೊಡ್ಡಪ್ಪ. "ಇಲಿಗೆ ಹೇಳ್ಲಾ, ಬಾಲ ಜೋಪಾನ ಅಂತ?"

ನನಗೆ ನಗುವೂ ಬಂತು, ಅಳುವೂ ಬಂತು. ಸುಮ್ಮನೆ ಕಾಲಿನ ಕಥೆ ಹೇಳಿ ತಮ್ಮ ಗುಂಡಿ ತಾವೇ ತೋಡಿಕೊಂಡರಲ್ಲ ಎಂದು ಸಿಟ್ಟೂ ಬಂತು. ಹಾಗೆಂದು ಬೈದೂಬಿಟ್ಟೆ. "ಕಾಲು ಇದ್ದದ್ದು ಒಳ್ಳೇದೇ ಅಲ್ವೇನಮ್ಮಾ" ಎಂದರು.

ಅಗೆತ ನಾಲ್ಕು ತಿಂಗಳು ನಡೆಯಿತು. ನೋಡಲು ಬರುವವರಿಗೆ ಆ ಬಾಗಿಲು ಮುಚ್ಚಿದ್ದರೂ ದೊಡ್ಡಪ್ಪ ಬೆಳಿಗ್ಗೆ ಬಂದು ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಬುಟ್ಟಿ ಹೊತ್ತು ಬಗ್ಗಿ ಹೊರಬರುವ ಕೆಲಸದವರಿಗೆ "ತಲೆ ಜೋಪಾನ" ಎನ್ನುತ್ತಿದ್ದರು. ನೆಲ ಇಳಿದಂತೆ ಕೆಲಸದವರು ಬಗ್ಗುವುದು ಕಡಿಮೆಯಾಯಿತು. ದೊಡ್ಡಪ್ಪನ ದನಿಯೂ ಕಡಿಮೆಯಾಯಿತು.

ಒಂದು ದಿನ ಅಂಗಳದಾಚೆಯಿಂದ ಜೋರಾಗಿ ಕೂಗಿದರು. ಟಿಕೆಟ್ ಕೇಳುತ್ತಿದ್ದವರನ್ನು ಅಲ್ಲೇ ಬಿಟ್ಟು ಓಡಿದೆ. ಕಾವಲುಗಾರರ ಕಾಲು ಹೊರಬಿದ್ದಿತ್ತು. ಬಲಗಡೆಯವನು ನೆಟ್ಟಗೆ ನಿಂತಿದ್ದ. ಎಡಗಡೆಯವನು ಒಂದು ಕಾಲೆತ್ತಿ, ಅದರ ಪಾದದಿಂದ ಇನ್ನೊಂದು ಕಾಲಿನ ಮೀನಖಂಡ ಉಜ್ಜಿಕೊಳ್ಳುತ್ತಿದ್ದ. ಮೇಲೆ ಈಟಿ, ಮೀಸೆ, ಬಿಗಿದ ಮುಖ. ಕೆಳಗೆ ಈ ಅವಸ್ಥೆ.

"ನೋಡೇ, ನೋಡೇ! ಕಾಲು ನೋಯ್ತಿದೆ ಅವನಿಗೆ!" ದೊಡ್ಡಪ್ಪನ ಕಣ್ಣಲ್ಲಿ ನೀರು. "ನನಗೂ ಊಟ ಆದ್ಮೇಲೆ ಹಿಂಗೇ ಆಗುತ್ತೆ ಕಣಮ್ಮಾ. ಆ ಶಿಲ್ಪಿ ನೋಡಿದ್ದಾನೆ. ಯಾರನ್ನೋ ನೋಡೇ ಕೆತ್ತಿದ್ದಾನೆ." ಇಪ್ಪತ್ತೊಂಬತ್ತು ವರ್ಷ ಹೇಳಿದ ಸುಳ್ಳು ಕಾಲ ಕೆಳಗೆ ಕುಸಿದಿತ್ತು, ಅವರಿಗೆ ಅದರ ಖಬರೇ ಇರಲಿಲ್ಲ.

ಕೊನೆಯ ದಿನ ಸಾಹೇಬರು ಬಂದರು. ಅಂಗಿಯ ಜೇಬಿನಲ್ಲಿ ಮಡಿಸಿದ ವರ್ಗದ ಆದೇಶ ಇಣುಕುತ್ತಿತ್ತು. ಮೊಗಸಾಲೆಯಿಂದ ಬಾಗಿಲಿಗೆ ಈಗ ಆರು ಮೆಟ್ಟಿಲು ಇಳಿಯಬೇಕು. ಇಳಿದು ನಿಂತರೆ ಬಾಗಿಲು ಎದುರಿಗೆ ಎದ್ದು ನಿಂತಂತೆ ಕಾಣುತ್ತಿತ್ತು. ಮೇಡಂ ಗೋಡೆಯ ಗೂಡಿನ ಹತ್ತಿರ ಮಂಡಿಯೂರಿದ್ದರು. ದೊಡ್ಡಪ್ಪನ ಡಬ್ಬಿಯ ಗೂಡು ಈಗ ಕೆಳಗೆ ಉದ್ದಕ್ಕೆ ಇಳಿದು, ಮಂಡಿಯ ಎತ್ತರದಲ್ಲಿ ಒಂದು ಕಲ್ಲಿನ ಹಲಗೆಯಾಗಿ ನಿಂತಿತ್ತು. ಹಲಗೆಯ ನಡುವೆ ನುಣ್ಣಗೆ ಸವೆದ ಎರಡು ತಗ್ಗು.

"ನೀರಿನ ಗಡಿಗೆ ಇಡೋ ಜಾಗ" ಎಂದರು ಸಾಹೇಬರು.

"ಎರಡು ಗಡಿಗೆ ಇಷ್ಟು ಹತ್ತಿರ ಕೂರಲ್ಲ ಸಾರ್" ಎಂದರು ಮೇಡಂ.

ದೊಡ್ಡಪ್ಪ ಅಂದು ಬೆಳಗಿನಿಂದ ನಿಂತೇ ಇದ್ದರು. ಸಾಹೇಬರ ಎದುರು ಕುರ್ಚಿ ಎಳೆದುಕೊಳ್ಳುವಂತಿರಲಿಲ್ಲ. ಕಾಲು ಸೋತು, ಏನನ್ನೂ ಯೋಚಿಸದೆ, ಆ ಹಲಗೆಯ ಮೇಲೆ ಕೂತುಬಿಟ್ಟರು.

ಹೇಳಿ ಮಾಡಿಸಿದ ಹಾಗಿತ್ತು. ತಗ್ಗುಗಳಲ್ಲಿ ಅವರು ಸರಿಯಾಗಿ ಕೂತರು. ಹಿಂದಕ್ಕೆ ಒರಗಿದಾಗ ತಲೆ ಹೋಗಿ ತಾಕಿದ ಕಡೆಯಲ್ಲೂ ಗೋಡೆ ಸವೆದಿತ್ತು. ಬಲಗೈ ತಾನಾಗಿ ಅಂಚಿನ ಮೇಲೆ ಬಿತ್ತು; ಅಂಚೂ ಸವೆದಿತ್ತು. ಅಲ್ಲಿಂದ ಕತ್ತು ತಿರುಗಿಸದೆಯೇ ಒಂದು ಕಣ್ಣಿಗೆ ಮೆಟ್ಟಿಲು, ಇನ್ನೊಂದು ಕಣ್ಣಿಗೆ ದರ್ಬಾರಿನ ಕೋಣೆ ಕಾಣುತ್ತಿತ್ತು.

ಸಾಹೇಬರ ಬಾಯಿ ಬೈಯಲು ತೆರೆದಿತ್ತು. ಮೇಡಂ ಕೈಯೆತ್ತಿ ತಡೆದರು. "ಅಲ್ಲಾಡಬೇಡಿ ಯಜಮಾನ್ರೇ" ಎಂದು ಟೇಪು ಹಿಡಿದು ಅವರ ಸುತ್ತ ಅಳೆದರು. ಒಬ್ಬ ಮನುಷ್ಯನನ್ನು ಅಷ್ಟು ಗೌರವದಿಂದ ಅಳೆದದ್ದನ್ನು ನಾನು ದರ್ಜಿ ಅಂಗಡಿಯಲ್ಲೂ ಕಂಡಿಲ್ಲ.

"ರಾಜ ಕೂತ ಜಾಗ ಈ ಅರಮನೆಯಲ್ಲಿ ಎಲ್ಲೂ ಉಳಿದಿಲ್ಲ ಸಾರ್" ಎಂದರು ಕೊನೆಗೆ. "ಉಳಿದಿರೋದು ಇದೊಂದೇ. ಬಾಗಿಲು ಕಾಯೋನ ಪೀಠ. ಕಲ್ಲು ಹಿಂಗೆ ಸವೆಯಬೇಕಾದ್ರೆ ಒಬ್ಬರಾದ ಮೇಲೆ ಒಬ್ಬರು ಎಷ್ಟು ಜನ ಕೂತಿರಬೇಕು! ಈ ಬಾಗಿಲಿಗೆ ಒಬ್ಬ ಮನುಷ್ಯ ಅನ್ನೋದು ಕಟ್ಟಡದ ಮೂಲ ಭಾಗ. ನನ್ನ ವರದಿಯಲ್ಲಿ ಹಾಗೇ ಬರೀತೀನಿ."

ಸಾಹೇಬರು ಗೋಡೆ ನೋಡಿದರು. ಅಲ್ಲಿ ಅವರೇ ಹಾಕಿಸಿದ್ದ ಫಲಕವಿತ್ತು: ಮೂಲ ಭಾಗಗಳನ್ನು ಕದಲಿಸತಕ್ಕದ್ದಲ್ಲ. ಜೇಬು ಮುಟ್ಟಿ ನೋಡಿಕೊಂಡರು. "ಹಾಗಾದ್ರೆ ಮೂರು ಸಹಿ ಬೇಕಾಗುತ್ತೆ" ಎಂದು ಗೊಣಗಿದರು. ಮೂರನೆಯ ಸಹಿ ಕಟ್ಟಡ ಅಳೆದ ಮೇಡಂ ಅವರದು. ಮೇಡಂ ಟೇಪು ಸುತ್ತಿಕೊಳ್ಳುತ್ತಾ ಆಗುವುದಿಲ್ಲವೆಂದು ತಲೆಯಾಡಿಸಿಬಿಟ್ಟರು. ಆ ಆದೇಶ ಮತ್ತೆ ಜೇಬಿನಿಂದ ಹೊರಬರಲಿಲ್ಲ.

ಮರುವಾರ ಬಾಗಿಲು ತೆರೆಯಿತು. ಮೊದಲ ದಿನವೇ ಕಿಂಡಿಯ ಎದುರು ದೊಡ್ಡಮ್ಮ ನಿಂತಿದ್ದರು, ಮದುವೆಮನೆಗೆ ಉಡುವ ಸೀರೆಯಲ್ಲಿ. ನನ್ನನ್ನು ನೋಡಿಯೂ ನೋಡದವರಂತೆ "ಒಂದು ಟಿಕೆಟ್" ಎಂದರು. ನಾನು ಕಿಂಡಿ ಮುಚ್ಚಿ ಅವರ ಹಿಂದೆಯೇ ಹೋದೆ.

ಆರು ಮೆಟ್ಟಿಲಿನ ತುದಿಯಲ್ಲಿ ಹೆಂಡತಿಯನ್ನು ಕಂಡು ದೊಡ್ಡಪ್ಪ ಪೀಠದಿಂದ ಎದ್ದು ನಿಂತರು. ಅಭ್ಯಾಸಬಲ, ಬಾಯಿ ತೆರೆಯಿತು. "ತಲೆ ಜೋ..." ಎಂದು ನಾಲಿಗೆ ಕಚ್ಚಿಕೊಂಡರು. ದೊಡ್ಡಮ್ಮ ಮೆಟ್ಟಿಲ ಮೇಲೆ ನಿಂತು ಕಾದರು. ಹಿಂದೆ ಬಂದವರೂ ನಿಂತರು. ಇಪ್ಪತ್ತೊಂಬತ್ತು ವರ್ಷದಲ್ಲಿ ಆ ಬಾಗಿಲ ಮುಂದೆ ದೊಡ್ಡಪ್ಪನಿಗೆ ಮಾತು ಸಿಗದೆ ಹೋದದ್ದು ಅದೊಂದೇ ಸಲ.

ಕಡೆಗೆ ಮೆಲ್ಲಗೆ ಹೇಳಿದರು: "ತಲೆ ಎತ್ತಿಕೊಂಡು ಬಾ ಕಣೇ."

ದೊಡ್ಡಮ್ಮ ಹಾಗೇ ಬಂದರು. ಹೊಸ್ತಿಲು ದಾಟಿ ಒಳಗೆ ನಿಂತು, ಕಂಬ, ಕಮಾನು, ಕಿಟಕಿ ಎಲ್ಲವನ್ನೂ ಒಂದು ಸುತ್ತು ನೋಡಿ, ಸೆರಗಿನಿಂದ ಕಣ್ಣೊರೆಸಿಕೊಂಡು, "ಏನ್ರೀ ಇದು, ಇಷ್ಟು ಧೂಳು! ಇಷ್ಟು ವರ್ಷ ಇಲ್ಲಿ ಕೂತು ಏನ್ ಮಾಡ್ತಿದ್ರಿ?" ಎಂದರು. ಉತ್ತರ ಹೇಳಲು ದೊಡ್ಡಪ್ಪ ಅವರ ಹಿಂದೆ ಓಡಿದರು, ಆ ಎಂಟಡಿ ಬಾಗಿಲಲ್ಲಿ ತಲೆ ಬಗ್ಗಿಸಿಕೊಂಡು.