ತೆರೆಯದ ರಕ್ತದ ಪುಟ

ರೋಣದ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ಗಜೇಂದ್ರಗಡದಲ್ಲಿ ಗಾದಿ ಹೊಲಿಯುವ ಒಬ್ಬರು ಮಗಳನ್ನು ಅಲ್ಲಿಗೆ ಕರೆತರುತ್ತಿದ್ದರು. ಆ ಹುಡುಗಿಗೆ ಹುಟ್ಟಿನಿಂದಲೇ ರಕ್ತದ ಕಾಯಿಲೆ. ಆಗಾಗ ರಕ್ತ ಏರಿಸಲೇಬೇಕು. ಎಷ್ಟೋ ಸಲ ಅವಳ ಗುಂಪಿನ ರಕ್ತ ನಮ್ಮಲ್ಲಿ ಇರುತ್ತಿರಲಿಲ್ಲ. ಆಗ ಸೋತ ಮಗಳನ್ನು ಹೆಗಲಿಗೆ ಹಾಕಿಕೊಂಡು ಗದಗಿನ ಬಸ್ಸು ಹತ್ತುತ್ತಿದ್ದರು. ಮೊದಲೇ ಕೇಳೋಣವೆಂದರೆ ರಕ್ತ ಸಂಗ್ರಹದ ಕೋಣೆಯಲ್ಲಿ ಫೋನ್ ಎತ್ತುವವರೇ ಇರಲಿಲ್ಲ.

“ಅಕ್ಕಾರ, ರಕ್ತ ಐತೋ ಇಲ್ಲೋ ಅಂತ ಮನ್ಯಾಗ ಕುಂತ ಮೊಬೈಲ್‌ನ್ಯಾಗ ನೋಡೂ ಹಂಗ ಏನರ ಮಾಡಾಕ ಬರ್ತೈತೇನ್ರಿ?” ಎಂದು ಒಮ್ಮೆ ಕೇಳಿದರು.

ಬರುತ್ತದೆ ಎಂದೆ. ಹಿರಿಯ ಡಾಕ್ಟರೂ ಒಪ್ಪಿದರು. ಕೆಲಸ ಮುಗಿದ ಮೇಲೆ ಕುಳಿತು ಒಂದು ಚಿಕ್ಕ ವೆಬ್ ಪುಟ ಮಾಡಿದೆ. ದಾಸ್ತಾನಿನ ಮಾಹಿತಿ ಆಸ್ಪತ್ರೆಯ ಡೇಟಾಬೇಸಿನಲ್ಲಿತ್ತು. ಪುಟ ಅದನ್ನು ಓದಿ ತೋರಿಸಬೇಕು, ಅಷ್ಟೆ. ನನ್ನ ಕಂಪ್ಯೂಟರಿನಲ್ಲಿ ಚೆನ್ನಾಗಿಯೇ ತೋರಿಸಿತು. ಅಪ್ಪ ಮಗಳಿಬ್ಬರನ್ನೂ ಕರೆದು ತೋರಿಸಿದೆ. ಹುಡುಗಿ ತನ್ನ ಗುಂಪಿನ ಮೇಲೆ ಬೆರಳಿಟ್ಟು ನಕ್ಕಳು.

ಹೊರಗಿನವರಿಗೂ ಕಾಣಲೆಂದು ಆಸ್ಪತ್ರೆಯ ಸರ್ವರ್ ಕಂಪ್ಯೂಟರಿಗೆ ಹಾಕಿದ ಮೇಲೆ ಪುಟ ತೆರೆಯಲಿಲ್ಲ. ಲಾಗಿನ್ ವಿಫಲ ಎಂಬ ಸಂದೇಶವೊಂದೇ ಬಂತು. ಕಾರಣ ಬೇಗನೆ ಗೊತ್ತಾಯಿತು. ನಮ್ಮ ಡೇಟಾಬೇಸಿಗೆ ಬೇರೆ ಪಾಸ್‌ವರ್ಡ್ ಇಲ್ಲ. ವಿಂಡೋಸಿನ ಯಾವ ಖಾತೆ ಬಂದಿದೆ ಎಂದು ನೋಡಿ, ಪರಿಚಯದ್ದಾದರೆ ಒಳಗೆ ಬಿಡುತ್ತದೆ. ನನ್ನ ಕಂಪ್ಯೂಟರಿನಲ್ಲಿ ಪುಟ ನನ್ನ ಖಾತೆಯಿಂದ ಓಡುತ್ತಿತ್ತು. ಸರ್ವರಿನಲ್ಲಿ ಅದು ಓಡುವುದು ಬೇರೊಂದು ಖಾತೆಯಿಂದ, ಅದು ಡೇಟಾಬೇಸಿಗೆ ಗೊತ್ತಿಲ್ಲ. ಆ ಖಾತೆಯನ್ನು ಸೇರಿಸಿ, ಓದಲು ಮಾತ್ರ ಅನುಮತಿ ಕೊಟ್ಟರೆ ಸಾಕಿತ್ತು. ಆದರೆ ಹಾಗೆ ಸೇರಿಸುವ ಅಧಿಕಾರ ಹುಬ್ಬಳ್ಳಿಯ ಮುಖ್ಯ ಕಚೇರಿಯಲ್ಲಿದ್ದ ಒಬ್ಬರಿಗೇ ಇತ್ತು.

ಮೇಲ್ ಬರೆದರೆ ಉತ್ತರ ಬರಲಿಲ್ಲ. ಫೋನ್ ಮಾಡಿದರೆ ನೋಡೋಣ ಎನ್ನುತ್ತಿದ್ದರು. ಅಲ್ಲಿಯವರೆಗೆ ಗಾದಿಯವರು ಹೊರಡುವ ಮೊದಲು ನನಗೆ ಫೋನ್ ಮಾಡಲಿ, ನನ್ನ ಕಂಪ್ಯೂಟರಿನಲ್ಲಿ ನೋಡಿ ಹೇಳುತ್ತೇನೆ ಎಂದು ಮಾತಾಡಿಕೊಂಡೆವು. ಕೊನೆಗೆ ರಜೆ ಹಾಕಿ ಹುಬ್ಬಳ್ಳಿಗೇ ಹೋದೆ.

“ಎರಡ ನಿಮಿಷದ ಕೆಲಸ ಐತ್ರಿ ಸರ್,” ಎಂದೆ.

“ಕೆಲಸ ಸಣ್ಣದು, ಖರೇ. ನಾಳೆ ಹೆಚ್ಚುಕಡಿಮಿ ಆದ್ರ ಉತ್ತರ ಕೊಡಾಂವ ನಾನು,” ಎಂದರು ಆ ಅಧಿಕಾರಿ. ಆಮೇಲೆ ತಲೆಯೆತ್ತಿ, “ಅಲ್ರಿ, ನಿಮ್ಮ ಖಾತೆಗೆ ಡೇಟಾಬೇಸ್ ನೋಡಾಕ ಯಾರ ಬಿಟ್ಟಾರ?” ಎಂದು ಕೇಳಿದರು.

ಸೇರಿದಾಗಿನಿಂದ ಹಾಗೇ ಇದೆ ಎಂದೆ. ಅವರು ಅದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರು.

ಸ್ವಲ್ಪ ದಿನಕ್ಕೆ ನನ್ನನ್ನು ನರಗುಂದದ ಶಾಖೆಗೆ ಕಳಿಸಿದರು. ಅಲ್ಲಿನ ಕಂಪ್ಯೂಟರಿನಲ್ಲಿ ಪುಟ ತೆರೆದರೆ ಅದೇ ಸಂದೇಶ, ಈ ಸಲ ನನ್ನ ಖಾತೆಯ ಹೆಸರಿನೊಂದಿಗೆ. ನನಗಿದ್ದ ಅನುಮತಿಯನ್ನೂ ತೆಗೆದಿದ್ದರು. ಕೇಳಿದ್ದರಿಂದ ಇದ್ದದ್ದೂ ಹೋಯಿತು. ಮತ್ತೆ ಬರೆದೆ. ಹೊಸ ಸಾಫ್ಟ್‌ವೇರ್ ಬರುತ್ತದೆ, ಅಲ್ಲಿಯವರೆಗೆ ಏನನ್ನೂ ಬದಲಿಸುವುದಿಲ್ಲ ಎಂದು ಒಂದು ಸಾಲಿನ ಉತ್ತರ ಬಂತು. ಆ ಸಾಫ್ಟ್‌ವೇರ್ ಇನ್ನೂ ಬಂದಿಲ್ಲ.

ಆ ಉತ್ತರ ಬಂದ ವಾರವೇ ಗಾದಿಯವರ ಫೋನ್ ಬಂತು. “ಅಕ್ಕಾರ, ಐತೇನ್ರಿ ಇವತ್ತ?”

“ನನಗೂ ಕಾಣವಲ್ದರಿ ಅಣ್ಣಾರ. ಬಂದ್ ಮಾಡ್ಯಾರ.”

ಅವರು ಸಿಟ್ಟಾಗಿದ್ದರೆ ಚೆನ್ನಾಗಿತ್ತು. “ಇರ್ಲಿ ಬಿಡ್ರಿ. ರೋಣಕ್ಕ ಹೋಗಿ ನೋಡ್ತೀವಿ, ಇಲ್ಲಂದ್ರ ಗದಗ ಐತೆಲ್ಲ,” ಎಂದರು. ಹಿಂದಿನಿಂದ ಮಗಳು, “ಅಪ್ಪಾ, ಐತಂತೇನು?” ಎಂದು ಕೇಳುತ್ತಿದ್ದಳು. ಅವಳಿಗೆ ಏನು ಹೇಳಿದರೋ, ಅಷ್ಟರಲ್ಲಿ ಫೋನ್ ಇಟ್ಟರು.