ಹುಣಸೆ ಬೀಜ ಸರಿಸುವ ಸಾಲು

ಹೈದರಾಬಾದಿನ ಮಣಿಕೊಂಡದ ನಮ್ಮ ಫ್ಲಾಟಿನಲ್ಲಿ, ಮೊಮ್ಮಗಳು ಮಲಗಿದ ಮೇಲೆ, ಸೊಸೆ ನನಗೆ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿಸುತ್ತಿದ್ದಳು. ಹೆರಿಗೆಗೆಂದು ಬಿಟ್ಟ ಕೆಲಸವನ್ನು ಅವಳು ಮತ್ತೆ ಹುಡುಕುತ್ತಿದ್ದಳು. ಮರೆತದ್ದು ನೆನಪಾಗಬೇಕಾದರೆ ಯಾರಿಗಾದರೂ ಕಲಿಸಬೇಕಂತೆ. ಸಿಕ್ಕವಳು ನಾನೊಬ್ಬಳೇ.

ಒಂದು ಮಧ್ಯಾಹ್ನ, ನಾನು ಪಾಠ ಕಲಿಯುತ್ತಿದ್ದ ಲ್ಯಾಪ್‌ಟಾಪಿನಲ್ಲಿ ಅವಳ ಇಂಟರ್‌ವ್ಯೂ ಇತ್ತು. ಬಹಳ ದಿನ ಕಾದ ಮೇಲೆ ದೇವರು ಕಣ್ಣು ತೆರೆದಿದ್ದ. ಅವಳು ತಲೆ ಬಾಚಲು ಒಳಗೆ ಹೋದಾಗ, ಹಿಂದಿನ ದಿನ ಕಲಿತ ಪಾಠವನ್ನು ಬರೆದು ನೋಡಿದೆ: ಎಣಿಕೆ ಹನ್ನೊಂದಾಗುವ ತನಕ ‘ಶ್ರೀರಾಮ’ ಎಂದು ಬರೆಯುತ್ತಿರು. ಬಟನ್ ಒತ್ತಿದೆ. ರಾಮನಾಮ ಒಂದರ ಕೆಳಗೊಂದು ಇಳಿಯಿತು. ಪರದೆ ತುಂಬಿತು, ಆದರೂ ನಿಲ್ಲಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಸಂತೋಷವೇ ಆಯಿತು. ಲ್ಯಾಪ್‌ಟಾಪು ಗುಂಯ್‌ಗುಡುವುದು ಕೇಳಿ ಸೊಸೆ ಓಡಿ ಬಂದಳು.

“ಅತ್ಯಾ, ಏನ್ ಮಾಡಿಟ್ಟೀರಿ? ನಿಲ್ಲಸ್ರಿ ಅದನ್ನ.”

“ಹೆಂಗ ನಿಲ್ಲಸಲೆವ್ವಾ? ರಾಮನ ಹೆಸರು ಬರಿಯಾಕತ್ತೈತಿ. ನಡುವ ಕಡೀಬಾರದು.”

“ಎಣಿಕೆಗೆ ಒಂದು ಕೂಡಿಸೋ ಸಾಲೇ ಬರ್ದಿಲ್ಲ ನೀವು. ಪ್ರಳಯ ಆಗೋತನಕ ಬರೀತೈತಿ ಅದು. ನನ್ನ ಇಂಟರ್‌ವ್ಯೂ ಲಿಂಕ್ ತೆರೀವಲ್ದು.”

ನಗುತ್ತಲೇ ಅಂದಳು, ಆದರೆ ಕಣ್ಣು ಗಡಿಯಾರದ ಮೇಲಿತ್ತು. ತಾನೇ ಒತ್ತಿ ನಿಲ್ಲಿಸಬಹುದಿತ್ತು. ನನ್ನ ಮುಖ ನೋಡಿ, ಕೈ ಹಿಂದೆಗೆದಳು.

ಬಾಲ್ಕನಿಯ ತುಳಸಿಗೆ ನಾನು ದಿನವೂ ಪ್ರದಕ್ಷಿಣೆ ಹಾಕುತ್ತೇನೆ. ಸುತ್ತಿಗೊಂದು ಹುಣಸೆ ಬೀಜವನ್ನು ಈ ಬಟ್ಟಲಿನಿಂದ ಆ ಬಟ್ಟಲಿಗೆ ಸರಿಸುತ್ತೇನೆ. ಸರಿಸದಿದ್ದರೆ ಎಲ್ಲಿ ನಿಲ್ಲಬೇಕೆಂದು ಹೇಗೆ ತಿಳಿಯಬೇಕು? ಬರೆಯುವಾಗ ಬೀಜ ಸರಿಸುವುದನ್ನೇ ಬಿಟ್ಟಿದ್ದೆ, ಅವಳಿಗೂ ಹಾಗೇ ಅಂದೆ.

“ಹೊಟ್ಟ್ಯಾಗ ಹಾಕ್ಕೊಳಪ್ಪಾ” ಎಂದು ರಾಮನಿಗೆ ಕೈ ಮುಗಿದು, ನಿಲ್ಲಿಸುವ ಬಟನ್ ಒತ್ತಿದೆ. ರಾಮ ನಿಂತ. ಲಿಂಕ್ ತೆರೆಯಿತು, ಹೊತ್ತಿಗೆ ಸರಿಯಾಗಿ.

ಎಚ್ಚರವಾದ ಮಗುವನ್ನೆತ್ತಿಕೊಂಡು ತುಳಸಿಯ ಹತ್ತಿರ ಕುಳಿತೆ. ಬಾಗಿಲಾಚೆ ಅವಳ ಇಂಗ್ಲಿಷು ಮೊದಲು ತಡವರಿಸಿತು, ಆಮೇಲೆ ಸರಾಗವಾಯಿತು. ಮಗು ಅಳಲಿಲ್ಲ, ಅದೂ ಅವನ ಕೃಪೆಯೇ.

ಕೆಲಸ ಸಿಕ್ಕಿತೆಂದು ಫೋನ್ ಬಂದ ಸಂಜೆ, ದೇವರಿಗೆ ದೀಪ ಹಚ್ಚಿ ಬಂದು, ಅವಳೇ ಲ್ಯಾಪ್‌ಟಾಪನ್ನು ನನ್ನ ಮುಂದಿಟ್ಟಳು.

“ಈಗ ಬರೀರಿ, ಬೀಜ ಸರಿಸೋದು ಮರೀಬ್ಯಾಡ್ರಿ.”

ಒಂದು ಕೂಡಿಸುವ ಸಾಲು ಬರೆದು ಒತ್ತಿದೆ. ಹನ್ನೊಂದು ರಾಮನಾಮ ಬಂದವು, ತಾವಾಗಿಯೇ ನಿಂತವು. ಈ ಸಲ ನಡುವೆ ಕಡಿಯುವ ಪಾಪ ನನಗೆ ಬರಲಿಲ್ಲ.